ಆರು ಎಕರೆ ಮರಳು ಹೊಲ, ಒಂದು ತಿಪ್ಪೆ: ಚಳ್ಳಕೆರೆ ಸೀಮೆಯಲ್ಲಿ ಬೆಳೆ ಸರದಿಯ ಆರು ವರ್ಷ

2018ರ ನವೆಂಬರ್‌ನಲ್ಲಿ ಚಿಕ್ಕಪ್ಪನ ಕಣದಲ್ಲಿ 18 ಚೀಲ ಶೇಂಗಾ ಬಿದ್ದಿತ್ತು. ಆರು ಎಕರೆಯ ದುಡಿಮೆ ಅದು. ಎಕರೆಗೆ ಮೂರು ಚೀಲ, ಚೀಲಕ್ಕೆ ಹೆಚ್ಚೆಂದರೆ 40 ಕಿಲೋ. ಬಿತ್ತಲು ತಂದ ಬೀಜದ ಸಾಲವೇ ಅದರಲ್ಲಿ ಮುಕ್ಕಾಲು ಪಾಲನ್ನು ನುಂಗುವಂತಿತ್ತು. ಚಿಕ್ಕಪ್ಪ ಒಂದು ಕಾಯಿಯನ್ನು ನನ್ನ ಕಿವಿಯ ಬಳಿ ಹಿಡಿದು ಅಲುಗಿಸಿದರು. ಒಳಗೆ ಸುರುಟಿದ ಕಾಳು ಗಲಗಲ ಎಂದಿತು. ಆಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. “ದ್ವಿದಳ ಧಾನ್ಯ ಬೆಳೆದರೆ ಭೂಮಿಗೆ ಸಾರ ಬರುತ್ತದೆ ಎಂದು ನೀನು ಓದಿದ್ದೀಯಲ್ಲ ತಾಯಿ, ಶೇಂಗಾ ದ್ವಿದಳವೇ ತಾನೆ? ಇಪ್ಪತ್ತೈದು ವರ್ಷ ಬೇರೇನೂ ಬಿತ್ತದೆ ಅದನ್ನೇ ಬೆಳೆದಿದ್ದೇನೆ. ಹೊಲ ಯಾಕೆ ಹೀಗಾಯಿತು?”

ನಾನು ಕೃಷಿ ಪದವಿ ಓದಿದವಳು, ದಾವಣಗೆರೆಯಲ್ಲಿ ಕೆಲಸದಲ್ಲಿದ್ದೇನೆ. ಆ ದಿನದಿಂದ ಬಿತ್ತನೆಯ ಕಾಲದಲ್ಲಿ ವಾರಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ ಊರಿಗೆ ಹೋಗಿ ಆ ಹೊಲದ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಬಂದೆ. 2019ರಿಂದ 2024ರವರೆಗಿನ ಆರು ಮುಂಗಾರುಗಳ ಆ ಬರಹವೇ ಈ ಪ್ರಕರಣದ ಆಧಾರ. ಒಂದೇ ಹೊಲದ ಅನುಭವದಿಂದ ಇಡೀ ಸೀಮೆಗೆ ಶಿಫಾರಸು ಮಾಡಲು ಬರುವುದಿಲ್ಲ. ಆದರೆ ಇಲ್ಲಿ ನಾವು ಎಡವಿದ ಕಡೆಗಳಲ್ಲಿ ಬೇರೆಯವರೂ ಎಡವುತ್ತಿರುವುದನ್ನು ನೋಡಿದ್ದೇನೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಹೊಲ ಎಂಥದು

ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದು ಶೇಂಗಾದಿಂದ, ಅದನ್ನು ಅರೆಯುವ ಗಿರಣಿಗಳಿಂದ. ತಾಲ್ಲೂಕಿನಲ್ಲಿ ಮಳೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು. ಅದೂ ಹಂಚಿಕೊಂಡು ಬರುವುದಿಲ್ಲ. ಮೇ ತಿಂಗಳಲ್ಲಿ ಒಂದೆರಡು ಜೋರು ಮಳೆ, ಆಮೇಲೆ ಜುಲೈನಲ್ಲಿ ಬರೀ ಗಾಳಿ, ಹೆಚ್ಚಿನ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ನಾಯಕನಹಟ್ಟಿ ಕಡೆಯ ನಮ್ಮ ಹೊಲ ಮರಳು ಬೆರೆತ ಕೆಂಪು ಮಣ್ಣು. ಮುಷ್ಟಿಯಲ್ಲಿ ಹಿಡಿದು ನೀರು ಚಿಮುಕಿಸಿ ಉಂಡೆ ಕಟ್ಟಿದರೆ ನಿಲ್ಲುವುದಿಲ್ಲ. ಮಳೆ ಬಿದ್ದ ನಾಲ್ಕನೆಯ ದಿನಕ್ಕೆ ಹದ ಹೋಗಿರುತ್ತದೆ. ಬಿರುಮಳೆ ಹೊಡೆದು ಬಿಸಿಲು ಬಂದರೆ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗಿ ಮೊಳಕೆ ಮೇಲೇಳಲು ತಿಣುಕುತ್ತದೆ.

ಚಿಕ್ಕಪ್ಪನ ತಂದೆಯ ಕಾಲದಲ್ಲಿ ಇದೇ ಆರು ಎಕರೆಯಲ್ಲಿ ನವಣೆ, ಸಜ್ಜೆ, ಹುರುಳಿ, ತೊಗರಿ ಎಲ್ಲವೂ ಇದ್ದವು. ಕೂರಿಗೆಯ ಹಿಂದೆ ಸಡ್ಡೆ (ಬೀಜ ಬಿಡುವ ಬಿದಿರಿನ ಕೊಳವೆ) ಹಿಡಿದ ಅಜ್ಜಿ ಹತ್ತು ಸಾಲಿಗೊಂದು ಅಕ್ಕಡಿ, ಅಂದರೆ ನಡುವೆ ಬೇರೆ ಬೆಳೆಯ ಸಾಲು, ಹಾಕುತ್ತಿದ್ದರಂತೆ. ಎಣ್ಣೆ ಗಿರಣಿಗಳಿಂದ ಶೇಂಗಾಕ್ಕೆ ಕಣದಲ್ಲೇ ಕೈಗೆ ಹಣ ಬರಲು ತೊಡಗಿದ ಮೇಲೆ ಒಂದೊಂದಾಗಿ ಎಲ್ಲವೂ ಹಿಂದೆ ಸರಿದವು. ಇದಕ್ಕೆ ಚಿಕ್ಕಪ್ಪನನ್ನು ದೂರಲು ನನಗೆ ಮನಸ್ಸಿಲ್ಲ. ಮಕ್ಕಳ ಶಾಲೆಯ ಫೀಸು ಕಟ್ಟಿದ್ದು, ಮನೆಗೆ ತಾರಸಿ ಹಾಕಿಸಿದ್ದು ಶೇಂಗಾ. ಟಿ.ಎಂ.ವಿ.-2 ಎಂಬ ಹಳೆಯ ತಳಿಯನ್ನೇ ಬಹುಕಾಲ ಬಿತ್ತಿದರು, ನಡುವೆ ಕದಿರಿ-6 ಬಂತು. ಮೊದಮೊದಲು ಎಕರೆಗೆ ಎಂಟು, ಒಂಬತ್ತು ಚೀಲ ಬರುತ್ತಿತ್ತು. 2010ರ ಹೊತ್ತಿಗೆ ಆರಾಯಿತು, ಆಮೇಲೆ ಮೂರು, ನಾಲ್ಕರ ನಡುವೆ ತೊಯ್ದಾಡಿತು. ಅದೇ ಹೊತ್ತಿನಲ್ಲಿ ಬುಡ ಕೊಳೆ ರೋಗ ಕಾಣಿಸಿತು. ಕಾಯಿ ಕಟ್ಟುವ ಹೊತ್ತಿಗೆ ಗಿಡದ ಬುಡಕ್ಕೆ ಬಿಳಿ ಹತ್ತಿಯ ಎಳೆಯಂತಹ ಶಿಲೀಂಧ್ರ ಹತ್ತಿಕೊಳ್ಳುತ್ತದೆ. ಅದರ ಮೇಲೆ ಸಾಸಿವೆ ಕಾಳಿನಷ್ಟು ಕಂದು ಗುಂಡುಗಳು ಮೂಡುತ್ತವೆ, ಗಿಡ ನಿಂತಲ್ಲೇ ಬಾಡುತ್ತದೆ. ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುಳಿಯುತ್ತವೆ.

ಹಿರಿಯೂರಿನ ಕೃಷಿ ಸಂಶೋಧನಾ ಕೇಂದ್ರವಾದ ಬಬ್ಬೂರು ಫಾರಂಗೆ ಮಣ್ಣಿನ ಮಾದರಿ ಕೊಟ್ಟೆವು. ಕೊಳೆತ ಎಲೆ, ಬೇರು, ಗೊಬ್ಬರದಿಂದ ಮಣ್ಣಿಗೆ ಸೇರುವ ಸಾವಯವ ಇಂಗಾಲ ಶೇ 0.28 ಎಂದು ಬಂತು. ಶೇ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’ ಎಂದು ಬರೆಯುತ್ತಾರೆ, ನಮ್ಮದು ಅದರ ಅರ್ಧಕ್ಕಿಂತ ತುಸು ಮೇಲಿತ್ತು, ಅಷ್ಟೆ.

ಶೇಂಗಾ ಹೊಲವನ್ನು ಬಡವಾಗಿಸಿದ ಬಗೆ

ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಮಣ್ಣಿನ ವರದಿಯಲ್ಲಿರಲಿಲ್ಲ, ಕೊಯ್ಲಿನ ಕ್ರಮದಲ್ಲಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬೆಳೆ ಸರದಿಯ ಮಾತೆಲ್ಲ ಇದರ ಮೇಲೆ ನಿಂತಿದೆ.

ದ್ವಿದಳ ಸಸ್ಯದ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುತ್ತದೆ. ಆದರೆ ಗಿಡ ಅದನ್ನು ಮಣ್ಣಿಗೆಂದು ಕೂಡಿಡುವುದಿಲ್ಲ. ತನ್ನ ಎಲೆಗೆ, ಬಳ್ಳಿಗೆ, ಕೊನೆಗೆ ಕಾಳಿಗೆ ಒಯ್ಯುತ್ತದೆ. ಕಾಳು ಮಾರುಕಟ್ಟೆಗೆ ಹೋಗಲೇಬೇಕು. ಉಳಿದ ಎಲೆ, ಬಳ್ಳಿ, ಬೇರು ಹೊಲದಲ್ಲಿ ಕೊಳೆತರೆ ಮಾತ್ರ ಭೂಮಿಗೆ ಪಾಲು. ಶೇಂಗಾ ಕೀಳುವಾಗ ನಾವೇನು ಮಾಡುತ್ತೇವೆ? ಗಿಡವನ್ನು ಬೇರು ಸಮೇತ ಎಳೆದು, ಮಣ್ಣು ಕೊಡವಿ, ಗುಡ್ಡೆ ಹಾಕಿ, ಕಾಯಿ ಬಿಡಿಸಿ, ಬಳ್ಳಿಯನ್ನು ಒಂದು ಎಲೆಯೂ ಉದುರದಂತೆ ಬಣವೆ ಒಟ್ಟುತ್ತೇವೆ. ಹೊಲದಲ್ಲಿ ಉಳಿಯುವುದು ಕೆದರಿದ ಮಣ್ಣು.

ಚಿಕ್ಕಪ್ಪನ ಮುಂದೆ ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದ ಲೆಕ್ಕ ಹೀಗಿತ್ತು. ಒಳ್ಳೆಯ ವರ್ಷದಲ್ಲಿ ಎಕರೆಗೆ ಎಂಟು ಚೀಲ, ಅಂದರೆ 320 ಕಿಲೋ ಕಾಯಿ. ಸಿಪ್ಪೆ ತೆಗೆದರೆ ಸುಮಾರು 220 ಕಿಲೋ ಕಾಳು. ಶೇಂಗಾ ಕಾಳಿನಲ್ಲಿ ಸಾರಜನಕ ಶೇ 4ರ ಆಸುಪಾಸು, ಹಾಗಾಗಿ ಹೊರಗೆ ಹೋದದ್ದು ಸುಮಾರು 9 ಕಿಲೋ. ಅಷ್ಟು ಕಾಯಿ ಕೊಟ್ಟ ಬೆಳೆಯ ಒಣ ಬಳ್ಳಿ ಆರೇಳು ಕ್ವಿಂಟಲ್ ಇರುತ್ತದೆ, ಅದರಲ್ಲಿ ಶೇ 1.5ರಂತೆ ಹಿಡಿದರೂ 10 ಕಿಲೋ. ಎರಡೂ ಸೇರಿ 19 ಕಿಲೋ. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ಇರುವ ಸಾರಜನಕವೂ ಸುಮಾರು 20 ಕಿಲೋ. ಬರದ ಮರಳಿನಲ್ಲಿ ಶೇಂಗಾ ಇದನ್ನೆಲ್ಲ ಗಾಳಿಯಿಂದಲೇ ಪಡೆಯುವುದಿಲ್ಲ, ಒಂದು ಪಾಲನ್ನು ಮಣ್ಣಿನಿಂದ ಎಳೆಯುತ್ತದೆ. ಗಾಳಿಯಿಂದ ತಂದದ್ದನ್ನೂ ಮಣ್ಣಿನಿಂದ ತೆಗೆದದ್ದನ್ನೂ ಒಟ್ಟಿಗೆ ಹೊತ್ತುಕೊಂಡು ಹೋದರೆ ಹೊಲದ ಖಾತೆಯಲ್ಲಿ ಪ್ರತಿ ವರ್ಷ ಕಳೆಯುವ ಲೆಕ್ಕವೇ.

“ಬಳ್ಳಿ ಎಲ್ಲಿಗೂ ಹೋಗಿಲ್ಲವಲ್ಲ ಅವ್ವಾ, ನಮ್ಮ ದನವೇ ತಿಂದವು. ಅವುಗಳ ಗೊಬ್ಬರ ಬಂತಲ್ಲ?” ಎಂದರು ಚಿಕ್ಕಮ್ಮ. ಮನೆಯಲ್ಲಿ ಒಂದು ಜೊತೆ ಎತ್ತು, ಒಂದು ಹಸು, ಹದಿನೈದು ಕುರಿ. ಅವರ ಮಾತು ಸರಿ. ನಾನು ಕೇಳಿದೆ, ಆ ಗೊಬ್ಬರ ಎಲ್ಲಿ? ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹತ್ತು, ಹನ್ನೆರಡು ವರ್ಷಗಳಿಂದ ತಿಪ್ಪೆಯ ಗೊಬ್ಬರವನ್ನು ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಅಡಿಕೆ ತೋಟದವರಿಗೆ ಮಾರುತ್ತಿದ್ದರು. ಬಿತ್ತನೆಗೆ ಮುಂಚೆ ಕೈಗೆ ಬರುವ ಒಂದೇ ಹಣ ಅದು. ಅಂದರೆ ನಮ್ಮ ಬೋಳು ಮರಳಿನ ಸಾರ ಪ್ರತಿ ಏಪ್ರಿಲ್‌ನಲ್ಲಿ ಟ್ರ್ಯಾಕ್ಟರ್ ಏರಿ, ನೀರಾವರಿಯಿದ್ದ ತೋಟದ ಬುಡಕ್ಕೆ ಹೋಗಿ ಬೀಳುತ್ತಿತ್ತು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ “ಮಾಡಿದಷ್ಟು ನೀಡು ಭಿಕ್ಷೆ” ಎಂಬ ಮಾತು ನಮ್ಮ ಮನೆಯ ಗೋಡೆಯ ಮೇಲೆ ಬರೆದಿದೆ. ಅದರತ್ತ ನೋಡಿ ಚಿಕ್ಕಮ್ಮ, “ನಾವು ಹೊಲಕ್ಕೆ ಮಾಡಿದ್ದೇ ಏನೂ ಇಲ್ಲ” ಎಂದರು. ಆರು ವರ್ಷದಲ್ಲಿ ಆದ ಬದಲಾವಣೆ ಶುರುವಾದದ್ದು ಆ ಸಂಜೆ.

ಮೂರು ತುಂಡು, ಮೊದಲ ಸರದಿ

ಹೊಲವನ್ನು ಎರಡೆರಡು ಎಕರೆಯ ಮೂರು ತುಂಡು ಮಾಡಿದೆವು: ಮೇಲಿನದು, ನಡುವಿನದು, ತಗ್ಗಿನದು. 2019ರಲ್ಲಿ ತಗ್ಗಿನಲ್ಲಿ ಶೇಂಗಾ, ನಡುವೆ ನವಣೆ, ಮೇಲಿನ ತುಂಡಿನಲ್ಲಿ ಮುಂಗಾರಿಗೆ ಅಲಸಂದೆ, ಅದು ಮುಗಿದ ಮೇಲೆ ಹಿಂಗಾರಿಗೆ ಹುರುಳಿ. ವರ್ಷಕ್ಕೊಮ್ಮೆ ಬೆಳೆಗಳು ಜಾಗ ಬದಲಿಸಬೇಕು. ಶೇಂಗಾ ಆದ ಮೇಲೆ ನವಣೆ, ನವಣೆಯ ಮೇಲೆ ಅಲಸಂದೆ ಮತ್ತು ಹುರುಳಿ, ಅವುಗಳ ಮೇಲೆ ಮತ್ತೆ ಶೇಂಗಾ. ಹಣದ ಬೆಳೆಗೆ ಮುಂಚೆ ಭೂಮಿ ಚೆನ್ನಾಗಿರಲಿ ಎಂಬುದು ನನ್ನ ಆಲೋಚನೆ. ಕಾಗದದ ಮೇಲೆ ಅದು ಸರಿಯಾಗಿಯೇ ಕಂಡಿತ್ತು.

ಅಲಸಂದೆಯನ್ನು ಆರಿಸಿದ್ದಕ್ಕೆ ಕಾರಣವಿದೆ. ರೋಹಿಣಿ ಮಳೆಗೆ ಬಿತ್ತಿದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಕಾಯಿ ಕೊಡುತ್ತದೆ. ಎಲೆ ಅಗಲ, ನೆಲ ಬೇಗ ಮುಚ್ಚುತ್ತದೆ. ಎರಡು ಸಲ ಕಾಯಿ ಬಿಡಿಸಿಕೊಂಡು, ಗಿಡ ಇನ್ನೂ ಹಸಿರಾಗಿರುವಾಗಲೇ ಉತ್ತು ಮಣ್ಣಿಗೆ ಸೇರಿಸಬಹುದು. ಹುರುಳಿಯ ಗುಣ ಬೇರೆ. ಉತ್ತರಾ, ಹಸ್ತಾ ಮಳೆಗೆ ಬಿತ್ತಿ ಮರೆತರೂ ಇಬ್ಬನಿಯಲ್ಲಿ ಬದುಕುತ್ತದೆ. ಶೇಂಗಾ ಕಿತ್ತ ಹೊಲ ನವೆಂಬರ್‌ನಿಂದ ಜೂನ್‌ವರೆಗೆ ಏಳು ತಿಂಗಳು ಬೋಳಾಗಿ ಬಿದ್ದಿರುತ್ತದೆ, ಗಾಳಿಗೆ ಮೇಲಿನ ನಯವಾದ ಮಣ್ಣು ಹಾರಿ ಬದುವಿನ ಬುಡದಲ್ಲಿ ಕೂರುತ್ತದೆ. ಹುರುಳಿಯಿದ್ದರೆ ಜನವರಿಯವರೆಗೆ ಹೊದಿಕೆ, ಅದು ಉದುರಿಸಿದ ಎಲೆ ಬೇಸಿಗೆಯವರೆಗೂ ನೆಲದ ಮೇಲೆ.

ಬೀಜದ ಖರ್ಚು ಇಳಿದದ್ದು ಮೊದಲ ವರ್ಷದ ದೊಡ್ಡ ಸಮಾಧಾನ. ಶೇಂಗಾಕ್ಕೆ ಎಕರೆಗೆ 40 ಕಿಲೋಗಿಂತ ಹೆಚ್ಚು ಕಾಳು ಬೇಕು, ನವಣೆಗೆ ಮೂರು, ನಾಲ್ಕು ಕಿಲೋ ಸಾಕು, ಅಲಸಂದೆ ಮತ್ತು ಹುರುಳಿಗೆ ಹತ್ತು, ಹನ್ನೆರಡು ಕಿಲೋ. ಮಳೆ ಕೈಕೊಟ್ಟರೆ ಮಣ್ಣುಪಾಲಾಗುವ ಸಾಲದ ಗಾತ್ರವೇ ಮೂರನೇ ಒಂದು ಪಾಲಿಗೆ ಬಂತು.

ಆದರೆ ಒಟ್ಟು ಆದಾಯವೂ ಇಳಿಯಿತು. ನವಣೆಯನ್ನು ಕೊಳ್ಳುವವರು ಹೇಳಿದ್ದೇ ಬೆಲೆ. ನವಣೆಗಾಗಲಿ ಹುರುಳಿಗಾಗಲಿ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಇಲ್ಲ. 2024–25ರಲ್ಲಿ ಶೇಂಗಾಕ್ಕೆ ಕ್ವಿಂಟಲಿಗೆ 6,783 ರೂಪಾಯಿ, ತೊಗರಿಗೆ 7,550 ರೂಪಾಯಿ ಘೋಷಣೆಯಾಯಿತು. ಒಣಭೂಮಿಯನ್ನು ಉಳಿಸುವ ಈ ಎರಡು ಬೆಳೆಗಳು ಆ ಪಟ್ಟಿಯಲ್ಲೇ ಇಲ್ಲ. 2016 ಅಂತರರಾಷ್ಟ್ರೀಯ ಬೇಳೆಕಾಳುಗಳ ವರ್ಷ, 2023 ಸಿರಿಧಾನ್ಯಗಳ ವರ್ಷ. ಎರಡರ ಭಾಷಣಗಳನ್ನೂ ಕೇಳಿದ ನನಗೆ ಈ ಕೊರತೆ ನೋವು ತರುತ್ತದೆ. ರೈತನಿಗೆ ಬೆಳೆ ಬದಲಿಸು ಎಂದು ಹೇಳುವ ನಾವು ಬದಲಿಸಿದವನ ಚೀಲಕ್ಕೆ ಬೆಲೆ ಕಟ್ಟಬೇಕಾಗಿತ್ತು. ಸರದಿಯ ಆ ಮೊದಲ ವರ್ಷ ಚಿಕ್ಕಪ್ಪ ಬೇಸಿಗೆಯಲ್ಲಿ ಎತ್ತಿನ ಜೋಡಿಯನ್ನು ಬಾಡಿಗೆ ಉಳುಮೆಗೆ ಹೊಡೆದು ಕೊರತೆ ತುಂಬಿಸಿದರು.

ಬೇರು ಅಗೆದು ನೋಡಿದ್ದು

ಈ ಆರು ವರ್ಷದಲ್ಲಿ ನಮಗೆ ಹೆಚ್ಚು ಕಲಿಸಿದ ಕೆಲಸ ಇದೊಂದೇ ಎನ್ನಬಹುದು, ಅದಕ್ಕೆ ಕಾಸು ಖರ್ಚಿಲ್ಲ. ಬಿತ್ತಿದ 40–45ನೆಯ ದಿನ ಗಿಡವನ್ನು ಎಳೆಯದೆ, ಸುತ್ತ ಗುದ್ದಲಿಯಿಂದ ಅಗೆದು, ಮಣ್ಣಿನ ಹೆಂಟೆ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಅದ್ದಿ ತೊಳೆಯಬೇಕು. ಎಳೆದರೆ ಗಂಟುಗಳು ಮಣ್ಣಿನಲ್ಲೇ ಕಳಚಿ ಉಳಿಯುತ್ತವೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು, ಮಾಂಸದ ಬಣ್ಣವಿದ್ದರೆ ಅದು ಕೆಲಸ ಮಾಡುತ್ತಿದೆ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಗಿಡ ಅದನ್ನು ಸುಮ್ಮನೆ ಸಾಕುತ್ತಿದೆ ಎಂದರ್ಥ.

2019ರ ಶೇಂಗಾದಲ್ಲಿ ನಾವು ಅಗೆದ ಹತ್ತು ಗಿಡಗಳಲ್ಲಿ ಏಳರ ಗಂಟು ಸಣ್ಣವು, ಒಳಗೆ ಬಿಳಿಚಿದವು. ಎರಡು ಕಾರಣ ಸಿಕ್ಕವು. ಬಿತ್ತುವ ಕಾಳಿಗೆ ಲೇಪಿಸಲು ಪೇಟೆಯ ಒಂದು ಅಂಗಡಿಯಲ್ಲಿ ತಂದ ರೈಜೋಬಿಯಂ ಪೊಟ್ಟಣದ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಅದನ್ನು ಅಲ್ಲಿ ಬಿಸಿಲು ಬೀಳುವ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅದರೊಳಗಿರುವುದು ಜೀವ, ಬಿಸಿಲಿಗೆ ಸಾಯುತ್ತದೆ ಎಂದು ಮಾರುವವರೂ ಹೇಳಲಿಲ್ಲ, ನಾನೂ ದಿನಾಂಕ ನೋಡಲಿಲ್ಲ. ಎರಡನೆಯದು ಚಿಕ್ಕಪ್ಪನ ಹಳೆಯ ಅಭ್ಯಾಸ. ಗಿಡ ಹಸಿರೇರಲಿ ಎಂದು 25ನೆಯ ದಿನ ಎಡೆಯಲ್ಲಿ ಯೂರಿಯಾ ಎರಚಿದ್ದರು. ಮಣ್ಣಿನಲ್ಲಿ ಸಿದ್ಧ ಸಾರಜನಕ ಸಿಕ್ಕರೆ ದ್ವಿದಳದ ಗಿಡ ಗಂಟು ಕಟ್ಟುವ ಶ್ರಮವನ್ನೇ ತೆಗೆದುಕೊಳ್ಳುವುದಿಲ್ಲ.

ಮರುವರ್ಷದಿಂದ ಮೇಲುಗೊಬ್ಬರದ ಯೂರಿಯಾ ನಿಂತಿತು. ಪೊಟ್ಟಣವನ್ನು ಬೇರೆ ಕಡೆಯಿಂದ ದಿನಾಂಕ ನೋಡಿ ತಂದು, ಒದ್ದೆ ಬಟ್ಟೆ ಸುತ್ತಿ ಮಡಕೆಯ ಬಳಿ ಇಟ್ಟೆವು. ಬಿತ್ತುವ ಬೆಳಿಗ್ಗೆ ತೆಳು ಬೆಲ್ಲದ ಪಾಕದಲ್ಲಿ ಕಲಸಿ ಕಾಳಿಗೆ ಲೇಪಿಸಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಿದೆವು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಶೇಂಗಾ, ಅಲಸಂದೆ, ಹುರುಳಿ, ತೊಗರಿ ಈ ನಾಲ್ಕಕ್ಕೂ ಒಂದೇ ಬಳಗದ ಬ್ಯಾಕ್ಟೀರಿಯಾ ಒಗ್ಗುತ್ತದೆ, ಹಾಗಾಗಿ ಹಳೆಯ ಶೇಂಗಾ ಹೊಲದಲ್ಲಿ ಅವು ಸ್ವಲ್ಪವಾದರೂ ಇದ್ದೇ ಇರುತ್ತವೆ. ಕಡಲೆಯ ಬಳಗವೇ ಬೇರೆ. ಅಲಸಂದೆಯಲ್ಲಿ ಲೇಪನ ಹಚ್ಚಿದ ಸಾಲಿಗೂ ಹಚ್ಚದ ಸಾಲಿಗೂ ನಮಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಯೂರಿಯಾ ನಿಲ್ಲಿಸಿದ್ದರ ಪರಿಣಾಮ ಮಾತ್ರ ಬರಿಗಣ್ಣಿಗೆ ಕಂಡಿತು. ಉಳಿಸಿದ ಹಣದಲ್ಲಿ ಜಿಪ್ಸಂ ತಂದು, ಶೇಂಗಾದ ಹೂವಿನ ಬುಡದ ಸೂಜಿಗಳು ಮಣ್ಣಿಗಿಳಿಯುವ ಹೊತ್ತಿಗೆ ಎಕರೆಗೆ 200 ಕಿಲೋದಂತೆ ಹಾಕಿ ಎಡೆ ಹೊಡೆದೆವು. ಕಿವಿಯ ಬಳಿ ಗಲಗಲ ಎನ್ನುವ ಕಾಯಿ ಆಮೇಲೆ ಕಡಿಮೆಯಾದವು.

ಸರದಿ ತಪ್ಪಿದ್ದು, ತಿದ್ದಿದ್ದು

2020ರಲ್ಲಿ ಮೇಲಿನ ತುಂಡಿಗೆ ಶೇಂಗಾ ಬಂತು. ಹಿಂದಿನ ವರ್ಷ ಅಲಸಂದೆ ಉತ್ತು ಹುರುಳಿ ಬೆಳೆದ ಜಾಗ, ನನ್ನ ನಿರೀಕ್ಷೆಯೆಲ್ಲ ಅದರ ಮೇಲೆ. ಆಗಸ್ಟ್‌ವರೆಗೆ ಬೆಳೆ ಕಡುಹಸಿರಾಗಿ ತೂಗುತ್ತಿತ್ತು, ನೋಡಿದವರೆಲ್ಲ ಹೊಗಳಿದರು. ಸೆಪ್ಟೆಂಬರ್ ಮಳೆ ಹಿಡಿದ ಮೇಲೆ ಬುಡ ಕೊಳೆ ಶುರುವಾಯಿತು, ಹಿಂದಿನ ಯಾವ ವರ್ಷಕ್ಕಿಂತಲೂ ಹೆಚ್ಚು. ಸೊಂಪಾದ ಬಳ್ಳಿಯ ಕೆಳಗೆ ತೇವ ಆರದೆ ಬಿಳಿ ಎಳೆಗಳು ಗಿಡದಿಂದ ಗಿಡಕ್ಕೆ ದಾಟಿದವು. ಎಕರೆಗೆ ನಾಲ್ಕು ಚೀಲ ಬಂತು. ಅಗೆದು ನೋಡಿದ ಬೇರುಗಳಲ್ಲಿ ಗಂಟೂ ಕಡಿಮೆ.

ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಇದು ನನ್ನ ತಪ್ಪು, ಅನುಭವಿಸಿದವರು ಅವರು. ತಪ್ಪು ಎಲ್ಲಿತ್ತು ಎಂಬುದು ನೋಟ್‌ಬುಕ್ಕನ್ನು ಹಿಂದೆ ಮುಂದೆ ತಿರುವಿದಾಗ ಸ್ಪಷ್ಟವಾಯಿತು. ಮೊದಲನೆಯದಾಗಿ, ಬುಡ ಕೊಳೆಯ ಶಿಲೀಂಧ್ರಕ್ಕೆ ಅಲಸಂದೆ, ಹುರುಳಿ ಕೂಡ ಆಹಾರವೇ. ದ್ವಿದಳದ ಹಿಂದೆ ದ್ವಿದಳ ಇಟ್ಟು ನಾನು ರೋಗಕ್ಕೆ ಊಟ ತಪ್ಪದಂತೆ ನೋಡಿಕೊಂಡಿದ್ದೆ. ಹುಲ್ಲಿನ ಜಾತಿಯ ಬೆಳೆಗಳು ಅದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಎರಡನೆಯದಾಗಿ, ಉಳಿಸಿದ ಸಾರಜನಕವನ್ನು ಅದರ ಅಗತ್ಯವಿಲ್ಲದ ಬೆಳೆಗೆ ಬಡಿಸಿದ್ದೆ. ಬೇಸಿಗೆಯಲ್ಲಿ ಒಣಗಿ ಬಿದ್ದ ಹುರುಳಿ ಎಲೆ ಜೂನ್ ಮಳೆಗೆ ನೆನೆದು ಒಮ್ಮೆಲೇ ಕೊಳೆತು ಸಾರ ಬಿಡುತ್ತದೆ. ಆ ಹೊತ್ತಿಗೆ ಹಸಿದ ಬೇರು ಅಲ್ಲಿರಬೇಕು. ಮರಳಿನಲ್ಲಿ ಅದು ಕಾಯುತ್ತ ಕೂರುವುದಿಲ್ಲ, ಮಳೆನೀರಿನೊಂದಿಗೆ ಆಳಕ್ಕೆ ಜಾರಿ ಹೋಗುತ್ತದೆ. ತನ್ನ ಸಾರಜನಕವನ್ನು ತಾನೇ ತಯಾರಿಸಬಲ್ಲ ಶೇಂಗಾ ಅಲ್ಲಿ ಸಿಕ್ಕ ಸ್ವಲ್ಪವನ್ನು ತಿಂದು ಗಂಟು ಕಟ್ಟುವುದನ್ನು ಮರೆಯಿತು, ಬಳ್ಳಿ ಬೆಳೆಸಿತು, ಬಳ್ಳಿ ರೋಗವನ್ನು ಸಾಕಿತು.

2021ರಿಂದ ಸರದಿಯನ್ನು ತಿರುಗಿಸಿದೆವು. ಅಲಸಂದೆ ಮತ್ತು ಹುರುಳಿಯ ಮೇಲೆ ನವಣೆ, ನವಣೆಯ ಮೇಲೆ ಶೇಂಗಾ, ಶೇಂಗಾದ ಮೇಲೆ ಮತ್ತೆ ಅಲಸಂದೆ, ಹುರುಳಿ. ನವಣೆ ಆ ಸಾರವನ್ನು ಹೀರಿಕೊಂಡು ಎದೆಯೆತ್ತರ ಬಂತು, ತೆನೆಯ ತೂಕಕ್ಕೆ ದಂಟು ಬಾಗಿತು. ಚಿಕ್ಕಪ್ಪ ಅದಕ್ಕೆ ಗೊಬ್ಬರದ ಅಂಗಡಿಯಿಂದ ಏನನ್ನೂ ತರಲಿಲ್ಲ. ಕೊಯ್ದ ಮೇಲೆ ಕೂಳೆಯನ್ನು ಹಾಗೇ ಬಿಟ್ಟೆವು, ಬೇಸಿಗೆಯ ಗಾಳಿಗೆ ಅದೊಂದು ತಡೆ. ನವಣೆಯ ಮೇಲೆ ಬಿತ್ತಿದ ಶೇಂಗಾದಲ್ಲಿ ಬುಡ ಕೊಳೆ ಪೂರ್ತಿ ಹೋಗಲಿಲ್ಲ, ಅಲ್ಲೊಂದು ಇಲ್ಲೊಂದು ತೇಪೆಯಾಗಿ ನಿಂತಿತು. ಆ ವರ್ಷ ತಗ್ಗಿನ ತುಂಡಿನಿಂದ ಎಕರೆಗೆ ಆರು ಚೀಲ ಬಂತು.

ಶೇಂಗಾದ ಎಂಟು ಸಾಲಿಗೊಂದು ತೊಗರಿಯ ಅಕ್ಕಡಿಯನ್ನೂ ಆ ವರ್ಷ ತಂದೆವು. ಚಿಕ್ಕಮ್ಮನ ಹಟ ಅದು. ಅಜ್ಜಿಯ ಸಡ್ಡೆ ಅಟ್ಟದ ಮೇಲಿತ್ತು, ಬಿದಿರು ಒಂದು ಕಡೆ ಹುಳು ತಿಂದಿದ್ದನ್ನು ಅವರೇ ಕಟ್ಟಿಕೊಂಡರು. ತೊಗರಿಯ ಬೇರು ಶೇಂಗಾ ಮುಟ್ಟದ ಆಳಕ್ಕೆ ಇಳಿಯುತ್ತದೆ. ಅದಕ್ಕೆ ಇನ್ನೊಂದು ಶಕ್ತಿಯಿದೆ: ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಬೇರೆ ಬೆಳೆಗೆ ಸಿಗದ ರಂಜಕವನ್ನು ಅದರ ಬೇರು ಸುರಿಸುವ ಆಮ್ಲ ಬಿಡಿಸಿಕೊಳ್ಳುತ್ತದೆ. ಆಮೇಲೆ ಡಿಸೆಂಬರ್ ಪೂರ್ತಿ ಎಲೆ ಉದುರಿಸುತ್ತದೆ. ಶೇಂಗಾ ಕಿತ್ತ ಬೋಳು ಹೊಲಕ್ಕೆ ಅಷ್ಟಾದರೂ ಸಿಕ್ಕಿತು.

ಎರಡು ಪರೀಕ್ಷೆಗಳು

2022ರಲ್ಲಿ ಮಳೆ ಕಟ್ಟೆ ಒಡೆದಂತೆ ಬಂತು. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ಬಳಿಕ ಮೊದಲ ಸಲ ಕೋಡಿ ಬಿದ್ದ ವರ್ಷ ಅದು, ನಾವೂ ನೋಡಲು ಹೋಗಿದ್ದೆವು. ಹೊಲದಲ್ಲಿ ಮಾತ್ರ ನಡುವಿನ ತುಂಡಿನ ಶೇಂಗಾಕ್ಕೆ ಎಲೆ ಚುಕ್ಕೆ ರೋಗ ಬಂದು ಎಲೆಯೆಲ್ಲ ಉದುರಿತು. ತಗ್ಗಿನಲ್ಲಿ ಹುರುಳಿ ನೀರು ನಿಂತು ಕೊಳೆಯಿತು. ಹುರುಳಿ ಬರವನ್ನು ತಾಳುತ್ತದೆ, ನಿಂತ ನೀರನ್ನು ತಾಳುವುದಿಲ್ಲ. ಆ ತುಂಡಿಗೆ ಹಿಂಗಾರಿನಲ್ಲಿ ಬೇರೆ ಬೆಳೆ ಬೇಕು ಎಂದು ಅಂದೇ ಬರೆದಿಟ್ಟುಕೊಂಡೆ.

ಮರುವರ್ಷ ಪೂರ್ತಿ ವಿರುದ್ಧ. 1901ರಿಂದ ಇಟ್ಟ ಲೆಕ್ಕದಲ್ಲಿ ದೇಶ ಕಂಡ ಅತ್ಯಂತ ಒಣ ಆಗಸ್ಟ್ 2023ರದು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. “ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು” ಎನ್ನುತ್ತಾರೆ, ಆ ವರ್ಷ ಮಘೆಯಲ್ಲಿ ಹೊಲಕ್ಕೆ ಹನಿ ಬೀಳಲಿಲ್ಲ. ಮೇಲಿನ ತುಂಡಿನ ಶೇಂಗಾ ಎಕರೆಗೆ ಎರಡು ಚೀಲಕ್ಕೆ ನಿಂತಿತು. ಸುತ್ತಲಿನ ಹಲವು ಹೊಲಗಳಲ್ಲಿ ಅದನ್ನೂ ಕೀಳದೆ ಕುರಿ ಬಿಟ್ಟರು. ನವಣೆ ಸಣ್ಣ ತೆನೆಯಾದರೂ ಬಂತು. ಅಲಸಂದೆಯ ಕಾಯಿ ಒಂದು ಕೊಯ್ಲು ಸಿಕ್ಕಿತು. ತಡವಾಗಿ ಬಿದ್ದ ಒಂದು ಮಳೆಗೆ ಬಿತ್ತಿದ ಹುರುಳಿ ಎರಡು ಎಕರೆಗೆ ಮೂರೂವರೆ ಚೀಲ ಕೊಟ್ಟಿತು. ಆ ಬೇಸಿಗೆಯಲ್ಲಿ ಮನೆಯವರು ಉಂಡದ್ದು ನವಣೆ ಅನ್ನ, ಹುರುಳಿ ಸಾರು. ಎತ್ತುಗಳಿಗೆ ಹುರುಳಿ ನುಚ್ಚು. ಆರು ಎಕರೆಗೂ ಶೇಂಗಾ ಬಿತ್ತಿದ್ದರೆ ಬೀಜದ ಸಾಲ ಎಷ್ಟಿರುತ್ತಿತ್ತು ಎಂದು ಚಿಕ್ಕಪ್ಪ ನನ್ನಿಂದ ಎರಡು ಸಲ ಲೆಕ್ಕ ಮಾಡಿಸಿದರು.

2024ರಲ್ಲಿ ತಗ್ಗಿನ ತುಂಡಿನ ಶೇಂಗಾ ಎಕರೆಗೆ ಒಂಬತ್ತು ಚೀಲ. ಮಳೆಯೂ ಹದವಾಗಿತ್ತು, ಆದ್ದರಿಂದ ಎಲ್ಲ ಕೀರ್ತಿಯನ್ನೂ ಸರದಿಗೆ ಕೊಡಲಾರೆ. ಮಣ್ಣನ್ನು ಮತ್ತೆ ಪರೀಕ್ಷೆ ಮಾಡಿಸಿದಾಗ ಸಾವಯವ ಇಂಗಾಲ ಶೇ 0.34 ಎಂದು ಬಂತು. ಬಿಸಿ ಮರಳಿನಲ್ಲಿ ಸಾವಯವ ಅಂಶ ಬೇಗ ಉರಿದುಹೋಗುತ್ತದೆ. ಆರು ವರ್ಷಕ್ಕೆ ಇಷ್ಟು ಏರಿಕೆ ಚಿಕ್ಕದು, ಮಾದರಿ ತೆಗೆದ ಜಾಗದ ವ್ಯತ್ಯಾಸವೂ ಅದರಲ್ಲಿ ಸೇರಿರಬಹುದು. ನನಗೆ ಹೆಚ್ಚು ನಂಬಿಕೆ ಕೊಡುವುದು ಬೇರೆ ಗುರುತು. ಬಿರುಮಳೆಯ ಮೇಲೆ ಹಪ್ಪಳ ಕಟ್ಟುವುದು ಕಡಿಮೆಯಾಗಿದೆ, ಹದ ನಾಲ್ಕು ದಿನದ ಬದಲು ಐದಾರು ದಿನ ನಿಲ್ಲುತ್ತಿದೆ ಎಂದು ಕೂರಿಗೆ ಹಿಡಿದವರು ಹೇಳುತ್ತಾರೆ.

ತಿಪ್ಪೆಯ ವಿಚಾರ

ಇಷ್ಟರಲ್ಲಿ ಅರ್ಧದಷ್ಟು ಕೆಲಸ ಮಾಡಿದ್ದು ತಿಪ್ಪೆ ಎಂಬುದು ನನ್ನ ಖಚಿತ ಅಭಿಪ್ರಾಯ. ಶೇಂಗಾ ಬಳ್ಳಿಯನ್ನು ಹೊಲದಲ್ಲೇ ಬಿಡಿ ಎಂದು ಹೇಳುವುದು ಸುಲಭ. ಬೇಸಿಗೆಯಲ್ಲಿ ಎತ್ತಿನ ಮುಂದೆ ಏನು ಹಾಕಬೇಕು? ಹುರುಳಿಯನ್ನು ಕೀಳದೆ ಕುಡುಗೋಲಿನಿಂದ ಕೊಯ್ದು ಬೇರು ಬಿಡೋಣ ಎಂದೆ. ಆಳುಗಳಾಗಿ ಬಂದ ಹೆಣ್ಣುಮಕ್ಕಳು ಎರಡು ದಿನ ಪ್ರಯತ್ನಿಸಿ, ಅಷ್ಟು ತಗ್ಗಿನ ಗಿಡವನ್ನು ಬಾಗಿ ಕೊಯ್ದರೆ ಸೊಂಟ ಉಳಿಯುವುದಿಲ್ಲ ಎಂದರು. ಅವರು ಹೇಳಿದ್ದು ನ್ಯಾಯ. ಬರೀ ಬೇರಿನಿಂದ ಸಿಗುವ ಸಾರಕ್ಕಾಗಿ ಅವರ ಸೊಂಟವನ್ನು ಬಲಿ ಕೊಡಬೇಕಾಗಿಲ್ಲ, ಅಲಸಂದೆಯನ್ನು ಹಸಿರಾಗಿ ಉಳುವುದು ಅದಕ್ಕಿಂತ ಹೆಚ್ಚು ಕೊಡುತ್ತದೆ. ಹಾಗಾಗಿ ಬಳ್ಳಿ, ಹೊಟ್ಟು ಎಲ್ಲವೂ ಮನೆಗೆ ಬರಲಿ, ಆದರೆ ಕೊಟ್ಟಿಗೆಯಿಂದ ಹೊರಟ ಗೊಬ್ಬರ ಇದೇ ಆರು ಎಕರೆಗೆ ಮರಳಲಿ ಎಂದು ಒಪ್ಪಂದವಾಯಿತು.

ಮಾರಾಟ ಒಮ್ಮೆಲೇ ನಿಲ್ಲಲಿಲ್ಲ. 2019ರಲ್ಲಿ ಅರ್ಧ ಮಾರಿದರು, ಅರ್ಧ ಅಲಸಂದೆಯ ತುಂಡಿಗೆ ಹೋಯಿತು. ಬೀಜದ ಸಾಲ ಇಳಿದ ಮೇಲೆ ಏಪ್ರಿಲ್‌ನ ಆ ಹಣದ ತುರ್ತೂ ಇಳಿಯಿತು, 2021ರಿಂದ ಒಂದು ಲೋಡೂ ಮಾರಿಲ್ಲ. ಈಗ ತಿಪ್ಪೆಯನ್ನು ಬಿಸಿಲಿಗೆ ಬಿಡದೆ ಹೊಂಗೆಯ ಮರದ ಕೆಳಗೆ ಗುಂಡಿ ಮಾಡಿ, ಮೇಲೆ ಮಣ್ಣು ಮುಚ್ಚುತ್ತಾರೆ. ಹುರುಳಿ ಕೊಯ್ದ ಮೇಲೆ ಗೊಬ್ಬರಕ್ಕಾಗಿ ಹದಿನೈದು ರಾತ್ರಿ ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಾರೆ. ಮೊದಲು ಕುರಿಗಾಹಿಗಳಿಗೆ ಕಾಳು ಕೊಟ್ಟರೆ ಸಾಕಿತ್ತು, ಈಗ ರಾತ್ರಿಗಿಷ್ಟು ಎಂದು ಹಣ.

ಕುರಿಗಳಿಂದಲೇ ಇನ್ನೂ ಬಗೆಹರಿಯದ ತೊಡಕೊಂದು ಹುಟ್ಟಿದೆ. ನಮ್ಮ ಕಡೆ ಶೇಂಗಾ ಕಿತ್ತ ಮೇಲೆ ಹೊಲಗಳೆಲ್ಲ ಮೇವಿಗೆ ತೆರೆದಿರುತ್ತವೆ, ಯಾರ ಕುರಿ ಯಾರ ಹೊಲಕ್ಕೆ ಹೋದರೂ ಕೇಳುವುದಿಲ್ಲ. ಇದು ಹಳೆಯ ರೂಢಿ, ಭೂಮಿಯಿಲ್ಲದ ಕುರಿಗಾಹಿಗಳು ಬದುಕುವುದು ಅದರಿಂದ. ಸುತ್ತಲೂ ಶೇಂಗಾ ಮಾತ್ರ ಇದ್ದು ಎಲ್ಲರೂ ನವೆಂಬರ್‌ನಲ್ಲೇ ಹೊಲ ಬಿಡುವಾಗ, ಜನವರಿಯವರೆಗೆ ನಿಲ್ಲುವ ನಮ್ಮ ತೊಗರಿ ಸಾಲು, ಹುರುಳಿ ಮಾತ್ರ ಹಸಿರಾಗಿ ಕಾಣುತ್ತವೆ. 2021ರಲ್ಲಿ ಒಂದೇ ಮಧ್ಯಾಹ್ನದಲ್ಲಿ ತೊಗರಿಯ ನಾಲ್ಕು ಸಾಲು ಹೋಯಿತು. ಆಮೇಲಿನ ಮೂರು ವರ್ಷ ಚಿಕ್ಕಮ್ಮ ಹಗಲೆಲ್ಲ ಹೊಲದಲ್ಲೇ ಕಾದು ಕೂತರು. ಮುಳ್ಳಿನ ಬೇಲಿ ಹಾಕಿದರೆ ಮಂದೆ ನಿಲ್ಲಿಸಲು ಅದೇ ಕುರಿಗಾಹಿಗಳನ್ನು ಕರೆಯಲು ಮುಖವಿರುವುದಿಲ್ಲ ಎಂದು ಚಿಕ್ಕಪ್ಪ ಬೇಲಿಗೆ ಒಪ್ಪಿಲ್ಲ. ಪಕ್ಕದ ನಾಲ್ಕು ಮನೆಯವರೂ ತಲಾ ಒಂದೆರಡು ಎಕರೆ ಹುರುಳಿ ಬಿತ್ತಿದರೆ ಆ ಕಡೆಯ ಹೊಲಗಳೆಲ್ಲ ಜನವರಿಯವರೆಗೆ ಮುಚ್ಚಿರುತ್ತವೆ, ಆಮೇಲೆ ಎಲ್ಲ ಮಂದೆಗೂ ಒಟ್ಟಿಗೆ ಮೇವು ಸಿಗುತ್ತದೆ. ಅವರಲ್ಲಿ ಇಬ್ಬರು ಒಪ್ಪಿದ್ದಾರೆ. ಉಳಿದಿಬ್ಬರು ಹುರುಳಿಯ ಬೆಲೆ ಕೇಳುತ್ತಿದ್ದಾರೆ, ಅದಕ್ಕೆ ಕೊಡಲು ನನ್ನ ಬಳಿ ಭರವಸೆಯಿಲ್ಲ. ಬೀಜವನ್ನಾದರೂ ನಮ್ಮ ಕಣದಿಂದಲೇ ಕೊಡೋಣ ಎಂದು ಚಿಕ್ಕಮ್ಮ ಎರಡು ಚೀಲ ಹುರುಳಿಯನ್ನು ಬೂದಿ ಬೆರೆಸಿ ವಾಡೆಯಲ್ಲಿ ತೆಗೆದಿಟ್ಟಿದ್ದಾರೆ.